ರಾಯಚೂರಿನ ಬಿಸಿಲಿಗೂ ಕರೆಂಟಿಗೂ ತಡೆಯುವ ಕಂಪ್ಯೂಟರ್ ಕೊಳ್ಳುವುದು ಹೇಗೆ?

ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಕರೆಗಳು ಶುರುವಾಗುತ್ತವೆ. ಸಿಂಧನೂರಿನಿಂದ ಅಕ್ಕನ ಮಗ, ಮಾನ್ವಿಯಿಂದ ಹಳೆಯ ಗೆಳೆಯ, ಲಿಂಗಸುಗೂರಿನಿಂದ ಆ ಗೆಳೆಯನ ಇನ್ಯಾರೋ ಗೆಳೆಯ. "ಮಾಮ, ನಲವತ್ತು ಸಾವಿರದಾಗ ಯಾವ ಲ್ಯಾಪ್‌ಟಾಪ್ ಚಲೋ ಐತಿ? ಹೆಸರು ಹೇಳಿಬಿಡು, ಇವತ್ತೇ ತಗೊಂಡುಬಿಡ್ತೀನಿ."

ನಾನು ಹೆಸರು ಹೇಳುವುದಿಲ್ಲ. ಹೇಳಿದ ಮಾಡೆಲ್ ಮುಂದಿನ ತಿಂಗಳು ಅಂಗಡಿಯಲ್ಲಿ ಇರುವುದಿಲ್ಲ, ಇದ್ದರೂ ರೇಟು ಬೇರೆ ಆಗಿರುತ್ತದೆ. ಆಮೇಲೆ ಅದು ಕೆಟ್ಟರೆ ಬೈಗುಳ ನನಗೇ ಅಲ್ವಾ. ಅದರ ಬದಲು ಏನು ನೋಡಬೇಕು, ಹೇಗೆ ನೋಡಬೇಕು ಅಂತ ಹೇಳುತ್ತೇನೆ. ರಾಯಚೂರಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ ಇಟ್ಟುಕೊಂಡು ವರ್ಷಗಳೇ ಆದವು. ಅಷ್ಟರಲ್ಲಿ ನಾನು ಸುಟ್ಟುಕೊಂಡ, ಕಂಪ್ಯೂಟರ್ ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ಗಳು, ಬಿಸಾಕಿದ ಯುಪಿಎಸ್ ಬ್ಯಾಟರಿಗಳು, ಎರಡು ಮದರ್‌ಬೋರ್ಡು, ಒಂದು ಪೂರ್ತಿ ಪ್ರಿಂಟರು ನನಗೆ ಕಲಿಸಿದ ಪಾಠ ಒಂದೇ. ನಮ್ಮ ಕಡೆ ಕಂಪ್ಯೂಟರಿಗೆ ವಯಸ್ಸಾಗಿ ಸಾಯುವ ಭಾಗ್ಯ ಕಡಿಮೆ. ಬಿಸಿಲು, ಧೂಳು, ಕರೆಂಟು, ಈ ಮೂರರಲ್ಲಿ ಒಂದು ಅದನ್ನು ಮೊದಲೇ ತಿನ್ನುತ್ತದೆ. ಬೆಂಗಳೂರಿನವರು ಮಾಡುವ ವಿಡಿಯೊ ನೋಡಿ ಪೂರ್ತಿ ರೊಕ್ಕವನ್ನು ಪ್ರೊಸೆಸರಿಗೇ, ಅಂದರೆ ಕಂಪ್ಯೂಟರಿನ ಮಿದುಳಿಗೇ ಸುರಿದರೆ ಇಲ್ಲಿ ಲೆಕ್ಕ ತಪ್ಪುತ್ತದೆ.

ಮೊದಲು ಲೆಕ್ಕ. ಅಂಗಡಿಯಲ್ಲಿ ಕೊಟ್ಟ ದುಡ್ಡು ರೇಟಲ್ಲ. ಆ ದುಡ್ಡನ್ನು ಅದು ಬಾಳಿದ ವರ್ಷಗಳಿಂದ ಭಾಗಿಸಿದರೆ ಬರುವುದು ರೇಟು. ಉದಾಹರಣೆಗೆ 22 ಸಾವಿರದ ಹೊಸ ಲ್ಯಾಪ್‌ಟಾಪ್ ಎರಡೇ ವರ್ಷಕ್ಕೆ ಬೇಸರವಾಗಿ ಮೂಲೆ ಸೇರಿದರೆ ವರ್ಷಕ್ಕೆ 11 ಸಾವಿರ ಬಿತ್ತು. 42 ಸಾವಿರದ್ದು ಆರು ವರ್ಷ ಬಂದರೆ ವರ್ಷಕ್ಕೆ 7 ಸಾವಿರ. 20 ಸಾವಿರದ ಸೆಕೆಂಡ್ ಹ್ಯಾಂಡ್ ಒಳ್ಳೆಯ ಲ್ಯಾಪ್‌ಟಾಪಿಗೆ ಒಂದು ಬ್ಯಾಟರಿ ಹಾಕಿಸಿ ನಾಲ್ಕು ವರ್ಷ ದುಡಿಸಿದರೆ ಅದಕ್ಕಿಂತಲೂ ಕಮ್ಮಿ. ಈ ಲೆಕ್ಕ ಕೈಯಲ್ಲಿದ್ದರೆ "ಸರ್, ಇನ್ನೊಂದು ಎರಡು ಸಾವಿರ ಹಾಕ್ರಿ, ಇದು ತಗೋರಿ" ಅಂತ ಅಂಗಡಿಯವರು ಹೇಳಿದಾಗ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಗೊತ್ತಾಗುತ್ತದೆ.

ಹಲ್ಲು ನೋಡಿ ತಗೊಳ್ಳಿ

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಕೊಂಬಿಗೆ ಎಷ್ಟೇ ಬಣ್ಣ ಬಳಿದಿದ್ದರೂ ಹಲ್ಲು ವಯಸ್ಸು ಹೇಳಿಬಿಡುತ್ತದೆ. ಕಂಪ್ಯೂಟರಿನ ಹಲ್ಲು ಅಂದರೆ ಪ್ರೊಸೆಸರ್ ಹೆಸರಿನ ಮುಂದಿನ ಸಂಖ್ಯೆ.

ನಾನು ಇದನ್ನು ಪೆಟ್ಟು ತಿಂದು ಕಲಿತೆ. ಅಂಗಡಿ ಶುರು ಮಾಡಿದ ಹೊಸದರಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಹೆಸರು ಬೇಡ, ಊರೂ ಬೇಡ. "ಐ7 ಐತ್ರಿ ಸರ್, ಐ5ಗಿಂತ ದೊಡ್ಡದು" ಅಂದರು. ನಾನೂ ದೊಡ್ಡದು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಎರಡನೇ ಜನರೇಶನ್, ಅಂದರೆ ಎರಡನೇ ತಲೆಮಾರಿನ ಹಳೆಯ ಚಿಪ್. ನನ್ನ ಪಕ್ಕದ ಅಂಗಡಿ ಹುಡುಗನ ಹೊಸ ಐ3 ಅದಕ್ಕಿಂತ ಚುರುಕಾಗಿ ಓಡುತ್ತಿತ್ತು, ಬಿಸಿಯೂ ಆಗುತ್ತಿರಲಿಲ್ಲ. ನಂದು ಮಾತ್ರ ರೊಟ್ಟಿ ಹಂಚು.

ಹಾಗಾಗಿ ಐ3, ಐ5, ಐ7 ಅನ್ನುವುದನ್ನು ಬರೀ ಜಾತಿ ಅಂತ ತಿಳಿಯಿರಿ. ವಯಸ್ಸು ಅದರ ಮುಂದಿದೆ. ಇವನ್ನು ಮಾಡುವ ಇಂಟೆಲ್ ಕಂಪನಿಯ ಹೆಸರುಗಳಲ್ಲಿ ನೆನಪಿಡಲು ಸುಲಭದ ದಾರಿ: ಸಂಖ್ಯೆ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ಜನರೇಶನ್, ಇಲ್ಲದಿದ್ದರೆ ಮೊದಲ ಒಂದೇ ಅಂಕಿ. ಐ5-8250ಯು ಎಂಟನೆಯದು, ಐ5-1235ಯು ಹನ್ನೆರಡನೆಯದು, ಐ7-2620ಎಂ ಎರಡನೆಯದು, ಅಂದರೆ ನನ್ನ ರೊಟ್ಟಿ ಹಂಚಿನ ವಂಶ. ಈಚೆಗೆ ಬಂದ ಇಂಟೆಲ್‌ಗಳಲ್ಲಿ ಐ ಅಕ್ಷರವೇ ಹೋಗಿ ಕೋರ್ 5, ಕೋರ್ ಅಲ್ಟ್ರಾ 5 ಅಂತ ಬರುತ್ತಿವೆ. ಅವು ಹೊಸವೇ.

ಇನ್ನೊಂದು ಕಂಪನಿ ಎಎಂಡಿಯ ರೈಜೆನ್ ಪ್ರೊಸೆಸರ್‌ನಲ್ಲಿ ಇನ್ನೊಂದು ಆಟ ಇದೆ. 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಅಂತ ಎರಡು ಇವೆ, ಹತ್ತೇ ನಂಬರಿನ ವ್ಯತ್ಯಾಸ. ಆದರೆ ಮೊದಲನೆಯದರ ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ, ನಾಲ್ಕು ಕೋರ್ (ಒಟ್ಟಿಗೆ ದುಡಿಯುವ ಕೈಗಳು ಅಂದುಕೊಳ್ಳಿ). ಎರಡನೆಯದು ಜೆನ್ 3, ಆರು ಕೋರ್. ಡಬ್ಬಿಯ ಮೇಲೆ ಎರಡಕ್ಕೂ "ರೈಜೆನ್ 5" ಅಂತಲೇ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೇ ಅಂಗಡಿಯವರ ಹತ್ತಿರ ಪೂರ್ತಿ ಹೆಸರು ಬರೆಸಿಕೊಳ್ಳಿ, ಕೊನೆಯ ಅಕ್ಷರದವರೆಗೆ.

ಹಳೆಯದು ತಗೊಳ್ಳುವವರಿಗೆ ನನ್ನ ಗೆರೆ ಎಂಟನೇ ಜನರೇಶನ್. ಅದಕ್ಕೆ ಎರಡು ಕಾರಣ. ಏಳನೆಯದರ ಐ5-7200ಯುನಲ್ಲಿ ಇದ್ದದ್ದು ಎರಡೇ ಕೋರ್, ಎಂಟನೆಯದರ ಐ5-8250ಯುನಲ್ಲಿ ಒಮ್ಮೆಲೇ ನಾಲ್ಕಾಯಿತು. ಇನ್ನೊಂದು, ವಿಂಡೋಸ್ 11 ಹೆಚ್ಚುಕಮ್ಮಿ ಎಂಟನೆಯದರಿಂದ ಮೇಲಿನವನ್ನು ಮಾತ್ರ ಒಪ್ಪುತ್ತದೆ, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೂಡ ಕೇಳುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಆರು, ಏಳನೇ ಜನರೇಶನ್ ಲ್ಯಾಪ್‌ಟಾಪ್‌ಗಳು ಈಗ ಅಗ್ಗಕ್ಕೆ ಸಿಗುತ್ತಿವೆ ಅಂದರೆ ಸುಮ್ನೆ ಅಲ್ಲ. ಕಂಪನಿಗಳು ಅವನ್ನು ಹೊರಗೆ ಹಾಕುತ್ತಿವೆ. ವಿಂಡೋಸ್ ಬದಲು ಉಚಿತದ ಲಿನಕ್ಸ್ ಹಾಕಿಕೊಂಡು ನಡೆಸುವವರಿಗೆ ಅವು ಒಳ್ಳೆಯ ಮಾಲೇ. ಬ್ಯಾಂಕು, ಟ್ಯಾಲಿ, ಸರ್ಕಾರಿ ಅರ್ಜಿ, ಡಿಜಿಟಲ್ ಸಹಿ ಅಂತ ಓಡಾಡುವವರಿಗೆ ಬೇಡ.

ಸೆಕೆಂಡ್ ಹ್ಯಾಂಡ್ ನೋಡುವಾಗ ಅವಸರ ಬೇಡ

ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳ ಬಗ್ಗೆ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5, ಈ ಮೂರೂ ಹೆಚ್ಚಾಗಿ ಎಂಟನೇ ಜನರೇಶನ್‌ನವು. ಮೂರರಲ್ಲೂ ಎರಡು ರ‍್ಯಾಮ್ ಸ್ಲಾಟ್ (ಕೆಲಸ ನಡೆಯುವಾಗಿನ ಮೆಮೊರಿ ಕೂರಿಸುವ ಜಾಗ) ಇವೆ. ಸ್ಕ್ರೂ ಬಿಚ್ಚಿದರೆ ಬ್ಯಾಟರಿ, ಫೈಲ್ ಉಳಿಯುವ ಎಸ್‌ಎಸ್‌ಡಿ, ರ‍್ಯಾಮ್ ಎಲ್ಲಾ ಕೈಗೆ ಸಿಗುತ್ತವೆ. ನಮ್ಮೂರಿನ ಮೆಕ್ಯಾನಿಕ್ ಹುಡುಗರೂ ಸಲೀಸಾಗಿ ಬಿಚ್ಚುತ್ತಾರೆ. ಅದು ನನಗೆ ತೆಳ್ಳಗಿರುವುದಕ್ಕಿಂತ ದೊಡ್ಡ ಗುಣ.

ಅಂಗಡಿಯಲ್ಲಿ ಕನಿಷ್ಠ ಅರ್ಧ ಗಂಟೆ ಕೂತುಕೊಳ್ಳಿ. ಚಹಾ ಕೊಟ್ಟರೆ ಕುಡಿಯಿರಿ, ಕೆಲಸ ನಿಲ್ಲಿಸಬೇಡಿ. ಮೊದಲು ಪೂರ್ತಿ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ತೆಗೆಸಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಎದ್ದು ಬಂದುಬಿಡಿ. ಹಳೆಯ ಕಂಪನಿಯ ಬೀಗ ಇನ್ನೂ ಹಾಗೇ ಇದೆ ಅಂತ ಅರ್ಥ, ನಾಳೆ ವಿಂಡೋಸ್ ಮತ್ತೆ ಹಾಕುವಾಗ ಸಿಕ್ಕಿಕೊಳ್ಳುತ್ತೀರಿ. ಬಯೋಸ್‌ನಲ್ಲಿ ಕಾಣುವ ಸೀರಿಯಲ್ ನಂಬರು, ಕೆಳಗೆ ಅಂಟಿಸಿದ ಸ್ಟಿಕರಿನ ನಂಬರು ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಎರಡು ಲ್ಯಾಪ್‌ಟಾಪ್ ಸೇರಿಸಿ ಒಂದು ಮಾಡಿದ್ದಾರೆ, ಅಥವಾ ಬೋರ್ಡ್ ಬದಲಾಗಿದೆ. ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಯಾವಾಗ ಮಾರಾಟವಾದದ್ದು, ವಾರಂಟಿ ಯಾವಾಗ ಮುಗಿಯಿತು ಅಂತ ಬಹಳ ಸಲ ತೋರಿಸುತ್ತದೆ.

ಬ್ಯಾಟರಿಗೆ ಒಂದು ಚಂದದ ಪರೀಕ್ಷೆ ವಿಂಡೋಸ್‌ನಲ್ಲೇ ಇದೆ. ಕಮಾಂಡ್ ಪ್ರಾಂಪ್ಟ್ ತೆಗೆದು ಇಂಗ್ಲಿಷಿನಲ್ಲಿ ಪವರ್‌ಸಿಎಫ್‌ಜಿ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿರಿಪೋರ್ಟ್ ಅಂತ ಸೇರಿಸಿ ಬರೆದು (powercfg /batteryreport) ಎಂಟರ್ ಒತ್ತಿ. ಒಂದು ಫೈಲ್ ಹುಟ್ಟುತ್ತದೆ, ಬ್ರೌಸರಿನಲ್ಲಿ ತೆರೆಯಿರಿ. ಡಿಸೈನ್ ಕೆಪಾಸಿಟಿ ಅಂದರೆ ಹುಟ್ಟಿದಾಗ ಇದ್ದ ಶಕ್ತಿ, ಫುಲ್ ಚಾರ್ಜ್ ಕೆಪಾಸಿಟಿ ಅಂದರೆ ಈಗ ಉಳಿದದ್ದು. 50 ಇದ್ದದ್ದು 40 ಆಗಿದ್ದರೆ ಚಿಂತೆ ಇಲ್ಲ. 50ರಲ್ಲಿ 22 ಉಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಅಲ್ಲೇ ರೇಟಿನಿಂದ ಕಡಿಮೆ ಮಾಡಿಸಿ. ಅಂಗಡಿಯವರು "ಎರಡು ತಾಸು ಬರ್ತದ್ರಿ" ಅಂತಾರೆ. ಕಾಗದ ತೋರಿಸಿದ ಮೇಲೆ ಬಾಯಿಮಾತಿಗೆ ಬೆಲೆ ಇಲ್ಲ.

ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಮೊದಲೇ ಹಾಕಿಕೊಂಡು ಹೋಗಿ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಪರ್ಸೆಂಟ್ ಅಂತ ಹೇಳುತ್ತದೆ. ನೋಟ್‌ಪ್ಯಾಡ್ ತೆಗೆದು ಪ್ರತಿಯೊಂದು ಕೀ ಒತ್ತಿ, ಒಂದೂ ಬಿಡಬೇಡಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತುಂಬಿಸಿ ಸ್ಕ್ರೀನಿನಲ್ಲಿ ಚುಕ್ಕಿ, ಮಬ್ಬು ಇದೆಯಾ ನೋಡಿ. ಕ್ಯಾಮೆರಾ, ಮೈಕ್, ಎಲ್ಲಾ ಯುಎಸ್‌ಬಿ ಪೋರ್ಟು, ವೈಫೈ. ಹಿಂಜು ಅಲ್ಲಾಡಿಸಿ. ಇವು ಎರಡು ನಿಮಿಷದ ಕೆಲಸ.

ಆದರೆ ನಮ್ಮ ಊರಿಗೆ ಮುಖ್ಯವಾದದ್ದು ಬಿಸಿಯ ಪರೀಕ್ಷೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅಂತ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು 40 ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಅಂದರೆ ಕಂಪನಿ ಊಹಿಸಿದ ಲೋಕದ ಹೊರಗೆ ನಾವು ಅದನ್ನು ದುಡಿಸುತ್ತಿದ್ದೇವೆ. ಅದಕ್ಕೆ ಒಂದು ಹೈ ಡೆಫಿನಿಷನ್ ವಿಡಿಯೊ ಹಚ್ಚಿ, ಬ್ರೌಸರಿನಲ್ಲಿ ಹದಿನೈದು ಟ್ಯಾಬ್ ತೆಗೆದು, ಇಪ್ಪತ್ತು ನಿಮಿಷ ಬಿಡಿ. ಎಸಿ ಅಂಗಡಿಯಾದರೆ ಹೊರಗಿನ ಕಟ್ಟೆ ಮೇಲೆ ಇಟ್ಟು ಬಿಡಿ. ಫ್ಯಾನ್ ಕಿರುಗುಟ್ಟುತ್ತಿದೆಯಾ, ಬಿಸಿ ಗಾಳಿ ಹೊರಗೆ ಬರುತ್ತಿದೆಯಾ, ಮೌಸ್ ತಡವರಿಸುತ್ತಿದೆಯಾ ನೋಡಿ. ಸದ್ದು ಜೋರಾಗಿದ್ದು ಗಾಳಿ ಬರದಿದ್ದರೆ ಒಳಗೆ ಧೂಳು ಗಟ್ಟಿಯಾಗಿದೆ. ಪ್ರೊಸೆಸರ್ 95, 100 ಡಿಗ್ರಿ ಹತ್ತಿರ ಹೋದಾಗ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ನೀವು ರೊಕ್ಕ ಕೊಟ್ಟದ್ದು ಪೂರ್ತಿ ವೇಗಕ್ಕೆ, ಸಿಗುವುದು ಅರ್ಧ.

ಹೊಸದು ತಗೊಳ್ಳುವುದಾದರೆ

ಹೊಸ ಲ್ಯಾಪ್‌ಟಾಪಿನಲ್ಲಿ ನಾನು ಬೇಡವೇ ಬೇಡ ಅನ್ನುವುದು ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಫೈಲ್ ಇಡಲು ಎಸ್‌ಎಸ್‌ಡಿ ಬದಲು 64 ಜಿಬಿ ಇಎಂಎಂಸಿ ಚಿಪ್ ಇರುವ ಅಗ್ಗದ ಮಾಲು. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೇ 64 ಜಿಬಿ. ಒಂದು ದೊಡ್ಡ ಅಪ್‌ಡೇಟ್ ಬಂದರೆ ಉಸಿರಾಡಲು ಜಾಗ ಇರುವುದಿಲ್ಲ. ಇಎಂಎಂಸಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಬರುವುದಿಲ್ಲ. ಮಗಳು ಡಿಗ್ರಿ ಓದುತ್ತಾಳೆ ಅಂತ ಹತ್ತಿ ಮಾರಿದ ರೊಕ್ಕದಲ್ಲಿ ಇಂಥದ್ದು ತಂದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಅದೇ ದುಡ್ಡಿಗೆ ಮೇಲೆ ಹೇಳಿದ ಹಳೆಯ ಥಿಂಕ್‌ಪ್ಯಾಡ್ ಎಷ್ಟೋ ಮೇಲು.

ರ‍್ಯಾಮ್ ಬೆಸುಗೆಯದೋ ಸ್ಲಾಟಿನದೋ ಅಂತ ಕೇಳಿ. 8 ಜಿಬಿ ಬೆಸುಗೆಯಾಗಿ, ಸ್ಲಾಟ್ ಒಂದೂ ಇಲ್ಲದಿದ್ದರೆ ಆ ಲ್ಯಾಪ್‌ಟಾಪಿನ ಆಯುಷ್ಯ ಅಲ್ಲಿಗೇ ನಿಗದಿಯಾಯಿತು. ಮೊದಲೆಲ್ಲ ನಾನು "ಈಗ 8 ತಗೋ, ಮುಂದಿನ ವರ್ಷ ಅಗ್ಗಕ್ಕೆ ಇನ್ನೊಂದು 8 ಹಾಕೋಣ" ಅಂತಿದ್ದೆ. ಈಗ ಹಾಗೆ ಹೇಳಲು ಧೈರ್ಯ ಇಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ನುಂಗತೊಡಗಿದ ಮೇಲೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ರೇಟು ಎಲ್ಲೆಲ್ಲೋ ಏರಿತು, ಎಸ್‌ಎಸ್‌ಡಿ ಕೂಡ ಹಿಂದೆಯೇ ಹೊರಟಿತು. ಹಾಗಾಗಿ 16 ಜಿಬಿ ಇರುವ ಮಾಡೆಲ್‌ಗೂ 8 ಇರುವ ಮಾಡೆಲ್‌ಗೂ ಎಷ್ಟು ವ್ಯತ್ಯಾಸ, ಬಿಡಿ ರ‍್ಯಾಮ್ ಕಡ್ಡಿಗೆ ಎಷ್ಟು, ಎರಡನ್ನೂ ಅದೇ ದಿನ ಕೇಳಿ ಲೆಕ್ಕ ಹಾಕಿ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಡಿಡಿಆರ್4 ಕಡ್ಡಿ ಬಿದ್ದಿದ್ದರೆ ಬಿಸಾಕಬೇಡಿ, ರೊಕ್ಕ ಅದು.

ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರಿಗೆ ಎರಡು ಎಚ್ಚರಿಕೆ. "ಐ5, 8 ಜಿಬಿ, ಎಸ್‌ಎಸ್‌ಡಿ, ಹೊಸ ಬೋರ್ಡು, ಹನ್ನೆರಡು ಸಾವಿರ" ಅಂತ ಯಾರಾದರೂ ಹೇಳಿದರೆ ಬೋರ್ಡಿನ ಹೆಸರು ಕೇಳಿ. ಎಚ್61 ಅಂದರೆ ಅದು 2011ರಲ್ಲಿ ಬಂದ ಚಿಪ್‌ಸೆಟ್. ಎರಡನೇ, ಮೂರನೇ ಜನರೇಶನ್ ಪ್ರೊಸೆಸರ್ ಬಿಟ್ಟರೆ ಬೇರೇನೂ ಕೂರುವುದಿಲ್ಲ. ಬೋರ್ಡು ಹೊಸದಾಗಿ ಅಚ್ಚಾಗಿರಬಹುದು, ಮೇಲಿನ ಐ5 ಅಜ್ಜ. ಎರಡನೆಯದು, ಐ3-12100 ಮತ್ತು ಐ3-12100ಎಫ್ ಬೇರೆ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಮಾನಿಟರಿನಲ್ಲಿ ಏನೂ ಮೂಡುವುದಿಲ್ಲ. ಐನೂರೋ ಸಾವಿರವೋ ಉಳಿಯಿತು ಅಂತ ಎಫ್ ತಂದು ಕಪ್ಪು ಸ್ಕ್ರೀನ್ ಎದುರು ಕೂತವರು ನಮ್ಮಲ್ಲಿ ಇದ್ದಾರೆ. ಟ್ಯಾಲಿ, ಡಿಟಿಪಿ, ಶಾಲೆಯ ಕೆಲಸಕ್ಕೆ ಎಫ್ ಇಲ್ಲದ ಐ3-12100 ಇವತ್ತಿಗೂ ಸಾಕು.

ಕರೆಂಟಿಗೆ ಎತ್ತಿಟ್ಟ ರೊಕ್ಕ

ಇಲ್ಲಿಂದ 20 ಕಿಲೋಮೀಟರ್ ಆಸುಪಾಸಿನಲ್ಲಿ ಶಕ್ತಿನಗರ ಇದೆ. 1720 ಮೆಗಾವಾಟ್‌ನ ಸ್ಥಾವರ, ಅದರ ಚಿಮಣಿ ನೋಡುತ್ತಲೇ ನಾವು ಬೆಳೆದದ್ದು. ಆದರೂ ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋದಾಗ ನಾವು ಯುಪಿಎಸ್ ಕಿರುಚುವುದನ್ನೇ ಕೇಳುತ್ತಾ ಕೂರುತ್ತೇವೆ. ಇರಲಿ.

ಡೆಸ್ಕ್‌ಟಾಪ್ ಬಜೆಟ್ ನಲವತ್ತು ಸಾವಿರ ಇದ್ದರೆ ಅದರಲ್ಲಿ ಐದಾರು ಸಾವಿರವನ್ನು ಮೊದಲೇ ಕರೆಂಟಿಗೆ ಅಂತ ಎತ್ತಿಡಿ. ಆಮೇಲೆ ಉಳಿದರೆ ಹಾಕೋಣ ಅಂದರೆ ಉಳಿಯುವುದಿಲ್ಲ.

ಶುರು ಅರ್ಥಿಂಗ್‌ನಿಂದ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ಥಿಂಗ್ ತಂತಿಗೆ ಬಿಡುತ್ತಲೇ ಇರುತ್ತದೆ. ತಂತಿ ನೆಲಕ್ಕೆ ಹೋಗದಿದ್ದರೆ ಅದು ತಗಡಿನ ಮೇಲೇ ನಿಲ್ಲುತ್ತದೆ, ನಿಮ್ಮ ಬೆರಳಿಗೆ ಕಾಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ಹತ್ತು, ಇಪ್ಪತ್ತು ತೋರಿಸಿದರೆ ಕಂಪ್ಯೂಟರ್ ತರುವುದನ್ನು ಒಂದು ವಾರ ಮುಂದೂಡಿ, ಉಪ್ಪು ಇದ್ದಿಲು ಹಾಕಿ ಹೊಸ ಗುಂಡಿ ಮಾಡಿಸಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಿ. ನಮ್ಮ ಎರೆ ಮಣ್ಣು ಒಣಗಿ ಬಿರುಕು ಬಿಟ್ಟರೆ ಅರ್ಥಿಂಗ್ ಹೆಸರಿಗಷ್ಟೇ.

ಎಸ್‌ಎಂಪಿಎಸ್ ಅನ್ನು ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ವಸ್ತು ಅಂತ ನೋಡಬೇಡಿ. ಕೈಯಲ್ಲಿ ಎತ್ತಿ ನೋಡಿ, ಹಗುರ ಇದ್ದರೆ ಒಳಗೆ ಏನೂ ಇಲ್ಲ ಅಂತಲೇ ಲೆಕ್ಕ. ಮೇಲೆ 450 ವಾಟ್ ಅಂತ ಬರೆದಿದ್ದರೂ ಅಷ್ಟೇ. ಕರೆಂಟ್ ಪೋಲು ಕಡಿಮೆ ಅನ್ನುವ 80 ಪ್ಲಸ್ ಗುರುತು ಇರುವ, ಮೂರು ವರ್ಷ ಇಲ್ಲವೇ ಐದು ವರ್ಷ ವಾರಂಟಿ ಕೊಡುವ ಹೆಸರಾಂತ ಕಂಪನಿಯದು ತಗೊಳ್ಳಿ. ನನ್ನ ಎರಡು ಬೋರ್ಡು ಹೋದದ್ದು ಪುಕ್ಕಟೆ ಎಸ್‌ಎಂಪಿಎಸ್ ಸುಡುವಾಗ ಜೊತೆಗೆ ಎಳೆದುಕೊಂಡು ಹೋಗಿದ್ದರಿಂದ.

ಯುಪಿಎಸ್ ಸಾಧಾರಣ ಮನೆ ಕಂಪ್ಯೂಟರಿಗೆ 600 ವಿಎ ಸಾಕು. ಅದರಲ್ಲಿ ಇರುವುದು 12 ವೋಲ್ಟ್, 7 ಎಎಚ್‌ನ ಒಂದೇ ಬ್ಯಾಟರಿ. ಹತ್ತು ಹದಿನೈದು ನಿಮಿಷ ಬಂದರೆ ಪುಣ್ಯ. ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಬೇಕು, ಸಿನಿಮಾ ನೋಡಲು ಅಲ್ಲ. ತಗೊಳ್ಳುವಾಗ ಡಬ್ಬಿಯ ಮೇಲೆ ಇನ್‌ಪುಟ್ ವೋಲ್ಟೇಜ್ ಎಲ್ಲಿಂದ ಎಲ್ಲಿಯವರೆಗೆ ಅಂತ ಓದಿ. ಪಂಪ್‌ಸೆಟ್ ಹಾಕುವ ಹೊತ್ತಿಗೆ ಹಳ್ಳಿಯಲ್ಲಿ ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆ ಅಂತ ನಿಮಗೇ ಗೊತ್ತು. ಆ ರೇಂಜ್ ಅಗಲ ಇದ್ದಷ್ಟೂ ಬ್ಯಾಟರಿಗೆ ಕೆಲಸ ಕಡಿಮೆ. ಈ ತರಹದ ಬ್ಯಾಟರಿಗೆ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧ ಆಗುತ್ತದೆ ಅನ್ನುವುದು ಕಸುಬಿನವರ ಲೆಕ್ಕ. ಪತ್ರಾಸಿನ ಛಾವಣಿ ಕೆಳಗೆ ಇಟ್ಟ ನನ್ನ ಮೊದಲ ಯುಪಿಎಸ್ ಒಂದೂವರೆ ವರ್ಷಕ್ಕೇ ಮಲಗಿತು. ಈಗ ಅದನ್ನು ಮೇಜಿನ ಕೆಳಗೆ, ಗೋಡೆಯಿಂದ ಗೇಣು ದೂರ ಇಡುತ್ತೇನೆ. ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು, ಪೂರ್ತಿ ಯುಪಿಎಸ್ ಕೊಳ್ಳಬೇಡಿ.

ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಚುಚ್ಚಬೇಡಿ. ಕಾಗದ ಬಿಸಿ ಮಾಡುವಾಗ ಅದು ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ. ಮುಂಗಾರಿನ ಮೊದಲ ಗುಡುಗಿಗೆ ಪ್ಲಗ್ ಕೀಳಿ. ರೂಟರಿನ ತಾಮ್ರದ ನೆಟ್‌ವರ್ಕ್ ವೈರನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಧೂಳಿನ ಮಾತು ಚಿಕ್ಕದು. ನಮ್ಮಲ್ಲಿ ಜಿನ್ನಿಂಗ್ ಮಿಲ್ ಹತ್ತಿಯ ಎಳೆ, ಬಳ್ಳಾರಿ ಸಂಡೂರು ಕಡೆ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಾ ಕಡೆ ಕಾರ್ಖಾನೆಯ ಕಪ್ಪು ಪುಡಿ. ಮುಂದೆ ಜಾಲರಿ ಫಿಲ್ಟರ್ ಇರುವ, ಬಿಚ್ಚಿ ತೊಳೆಯಲು ಬರುವ ಕ್ಯಾಬಿನೆಟ್ ತಗೊಳ್ಳಿ. ಬಣ್ಣದ ಲೈಟಿಗೆ ಕೊಡುವ ರೊಕ್ಕ ಇದಕ್ಕೆ ಕೊಡಿ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬುಗುರಿಯಂತೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ.

ಸಣ್ಣ ಸಾಮಾನು

ಕನ್ನಡ ಟೈಪಿಂಗ್‌ಗೆ ಅಂತ ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡ್ ಹುಡುಕಿ ಹೆಚ್ಚು ಕೊಡಬೇಡಿ. ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಅವರ ವಿನ್ಯಾಸ ಸಾಮಾನ್ಯ ಇಂಗ್ಲಿಷ್ ಕೀಬೋರ್ಡ್ ಮೇಲೇ ನಡೆಯುತ್ತದೆ, ಕೆ ಒತ್ತಿದರೆ ಕ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಕಲಿತವರು ಸ್ಟಿಕರ್ ಅಂಟಿಸಿಕೊಂಡರೆ ಆಯಿತು. ದಿನವಿಡೀ ಟೈಪ್ ಮಾಡುವವರು ವೈರಿನ ಕೀಬೋರ್ಡೇ ತಗೊಳ್ಳಿ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ನಲ್ಲಿ ನಕಲಿ ಮಾಲು ಜಾಸ್ತಿ. ಸಾವಿರ ರೂಪಾಯಿಗೆ 2 ಟಿಬಿ ಅಂತ ಬಂದರೆ ಅದು ಸುಳ್ಳೇ. ಒಳಗೆ ಸಣ್ಣ ಚಿಪ್ ಇಟ್ಟು, ದೊಡ್ಡ ಸಂಖ್ಯೆ ತೋರಿಸುವಂತೆ ತಿದ್ದಿರುತ್ತಾರೆ. ಜಾಗ ಮುಗಿದ ಮೇಲೂ ಫೋಟೊ ಹೋದಂತೆ ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಪೂರ್ತಿ ಜಾಗ ಬರೆದು, ಮತ್ತೆ ಓದಿ, ನಿಜ ಹೇಳುತ್ತದೆ. ಮದುವೆ ಫೋಟೊ ಹಾಕುವ ಮೊದಲು ಒಂದು ರಾತ್ರಿ ಅದನ್ನು ಓಡಿಸಿ.

ಪ್ರಿಂಟರ್ ವಿಷಯದಲ್ಲಿ ಒಂದೇ ಪ್ರಶ್ನೆ: ದಿನಾ ಪ್ರಿಂಟ್ ತೆಗೆಯುತ್ತೀರಾ? ತೆಗೆಯುವುದಾದರೆ, ಬಣ್ಣವೂ ಬೇಕಾದರೆ ಇಂಕ್ ಟ್ಯಾಂಕ್. ತಿಂಗಳಿಗೊಮ್ಮೆ ಮುಟ್ಟುವವರಿಗೆ ಇಂಕ್ ಬೇಡ, ನಮ್ಮ ಒಣ ಬಿಸಿಲಿಗೆ ಹೆಡ್ ಕಟ್ಟಿಕೊಳ್ಳುತ್ತದೆ. ಅವರಿಗೆ ಕಪ್ಪು ಬಿಳುಪು ಲೇಸರ್. ತಗೊಳ್ಳುವ ಮೊದಲು ಅದರ ಟೋನರ್ ನಂಬರನ್ನು ಊರಿನ ರೀಫಿಲ್ ಹುಡುಗನಿಗೆ ತೋರಿಸಿ. ಜೆರಾಕ್ಸ್ ಅಂಗಡಿಗಳಲ್ಲಿ ಹಳೆಯ 12ಎ ಟೋನರಿನ ಪ್ರಿಂಟರ್‌ಗಳು ಇನ್ನೂ ಬದುಕಿರುವುದು ಸುಮ್ನೆ ಅಲ್ಲ, ಆ ಕಾರ್ಟ್ರಿಜ್ ತುಂಬಲು ಎಲ್ಲರಿಗೂ ಬರುತ್ತದೆ. ಚಿಪ್ ಇರುವ ಹೊಸ ಕಾರ್ಟ್ರಿಜ್ ಸಿಕ್ಕರೆ ಪ್ರಿಂಟರಿನ ಅರ್ಧ ಬೆಲೆ ಟೋನರಿಗೇ ಹೋಗಬಹುದು.

ಎಲ್ಲಿ ತಗೊಳ್ಳುವುದು?

ರಾಯಚೂರಿನವರಿಗೆ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಮಾರುಕಟ್ಟೆಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಬೆಳಗಿನ ರೈಲು ಹತ್ತಿದರೆ ರಾತ್ರಿಗೆ ವಾಪಸ್. ಪೂರ್ತಿ ಡೆಸ್ಕ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಅಂತ ದೊಡ್ಡ ಖರೀದಿ ಇದ್ದರೆ ಹೋಗಿ. ಒಂದು ಮಾನಿಟರಿಗೆ ಹೋಗಬೇಡಿ. ಟಿಕೆಟ್ಟು, ಊಟ, ಒಂದು ದಿನದ ಅಂಗಡಿ ಬಾಗಿಲು ಸೇರಿಸಿ. ಕೆಟ್ಟರೆ ಮತ್ತೆ ಹೋಗಬೇಕು, ಅದನ್ನೂ ಸೇರಿಸಿ. ಇಲ್ಲೇ ನಮ್ಮೂರಿನ ತೀನ್ ಕಂದೀಲ್ ಸುತ್ತಮುತ್ತ ತಗೊಂಡರೆ ಐನೂರು ಹೆಚ್ಚಾದರೂ ಸಂಜೆ ಹೋಗಿ ಜಗಳ ಆಡಬಹುದಲ್ಲ.

ಆನ್‌ಲೈನ್‌ನಲ್ಲಿ ಹಬ್ಬದ ಸೇಲ್ ರೇಟು ಸೋಲಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ವಾರಂಟಿ ಆನ್‌ಸೈಟಾ, ನಾವೇ ಒಯ್ಯಬೇಕಾ ಅಂತ ಓದಿ. 584101 ಅಂತ ನಮ್ಮ ಪಿನ್ ಹಾಕಿ ಆ ಕಂಪನಿಯ ಸರ್ವಿಸ್ ಸೆಂಟರ್ ಎಲ್ಲಿ ತೋರಿಸುತ್ತದೆ ನೋಡಿ. ಬೇರೆ ಜಿಲ್ಲೆ ತೋರಿಸಿದರೆ ಆ ಬಸ್ ಚಾರ್ಜೂ ರೇಟಿನ ಭಾಗವೇ. ಬಡ್ಡಿ ಇಲ್ಲದ ಇಎಂಐ ಅನ್ನುವುದರಲ್ಲೂ ಪ್ರೊಸೆಸಿಂಗ್ ಫೀ ಇರಬಹುದು, ಬಡ್ಡಿಯ ಮೇಲಿನ ಜಿಎಸ್‌ಟಿಯನ್ನು ಬ್ಯಾಂಕು ಹಾಕುತ್ತದೆ. ಡಬ್ಬಿ ಒಡೆಯುವಾಗ ಕತ್ತರಿ ಹಾಕುವುದರಿಂದ ಹಿಡಿದು ಆನ್ ಆಗುವವರೆಗೆ ಒಂದೇ ವಿಡಿಯೊ ಮಾಡಿಕೊಳ್ಳಿ.

ಬಿಲ್ ಇಲ್ಲದೆ ತಗೊಂಡರೆ 18 ಪರ್ಸೆಂಟ್ ಉಳಿಯುತ್ತದೆ ಅಂತ ಆಸೆ ತೋರಿಸುವವರು ಇದ್ದಾರೆ. ಉಳಿಯುವುದಿಲ್ಲ, ವಾರಂಟಿ ಹೋಗುತ್ತದೆ. ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್, ತಾರೀಖು ಇರಲಿ. ಸೆಕೆಂಡ್ ಹ್ಯಾಂಡ್ ಆದರೆ "ಒಂದು ತಿಂಗಳು ಟೆಸ್ಟಿಂಗ್ ವಾರಂಟಿ" ಅನ್ನುವುದನ್ನು ಅದೇ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ಏನಾದರೂ ಎಡವಟ್ಟಾಗಿ ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಅವರೂ ಮೊದಲು ಕೇಳುವುದು ಬಿಲ್ಲೇ.

ಅಕ್ಕನ ಮಗ ಕೊನೆಗೆ 19 ಸಾವಿರಕ್ಕೆ ಹಳೆಯ ಟಿ480 ತಗೊಂಡ. ಉಳಿದದ್ದರಲ್ಲಿ ಒಂದು ಮಾನಿಟರು, ಒಂದು ಒಳ್ಳೆಯ ಸ್ಪೈಕ್ ಗಾರ್ಡ್ ತಂದ, ಮನೆಗೆ ಅರ್ಥಿಂಗ್ ಮಾಡಿಸಿದ. ಬ್ಯಾಟರಿ ರಿಪೋರ್ಟ್ ತೋರಿಸಿ ಹದಿನೈದು ನೂರು ಬಿಡಿಸಿಕೊಂಡೆ ಅಂತ ಈಗ ಊರೆಲ್ಲಾ ಹೇಳಿಕೊಂಡು ತಿರುಗುತ್ತಿದ್ದಾನೆ. ಮುಂದಿನ ಜೂನ್‌ನಲ್ಲಿ ಕರೆಗಳನ್ನು ಅವನ ನಂಬರಿಗೇ ತಿರುಗಿಸಬೇಕು ಅಂತ ಇದ್ದೇನೆ.